ತಾಳ ನಿಂತ ಹೊತ್ತಿನ ದನಿ

ಈ ಸಂಗತಿ ಹೇಳುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದು. ಇದು ನನ್ನ ಮನೆಯ ದುಃಖವಲ್ಲ. ಸತ್ತವಳು ನನ್ನ ತಂಗಿಯಲ್ಲ, ನಮ್ಮೂರಿನ ಹುಡುಗಿ, ಅಷ್ಟೇ. ನಾನು ಓದಿದ್ದು ಸಂಜೆ ಕಾಲೇಜಿನಲ್ಲಿ, ಹಗಲೆಲ್ಲ ದುಡಿದು ತೂಕಡಿಸುತ್ತ. ಬರೆಯುವುದು ನನ್ನ ಕಸುಬಲ್ಲ. ಇದರಿಂದ ಯಾರ ಮನಸ್ಸಿಗಾದರೂ ನೋವಾದರೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಆದರೆ ಆ ದನಿಯನ್ನು ಸ್ಟುಡಿಯೋದವರೇ ಸೇರಿಸಿದರೆಂದು ಕಮಲಾಪುರದಲ್ಲಿ ಕೆಲವರು ಹೇಳುತ್ತಾರೆ. ಸ್ಟುಡಿಯೋದವರು ಅರ್ಧ ಅಳಿಸಿದರೆಂದು ನಮ್ಮ ತಾಜಸುಲ್ತಾನಪುರದಲ್ಲಿ ಕೆಲವರು ಹೇಳುತ್ತಾರೆ. ಎರಡೂ ನಿಜವಲ್ಲ. ಆ ಸ್ಟುಡಿಯೋದವನು ನಾನೇ ಆದದ್ದರಿಂದ, ಆದದ್ದನ್ನು ಆದ ಹಾಗೆ ಹೇಳುವ ಧೈರ್ಯ ಮಾಡುತ್ತಿದ್ದೇನೆ.

ಕಲಬುರಗಿಯ ರೋಜಾದಿಂದ ಪೇಟೆಯ ಕಡೆ ಬರುವ ದಾರಿಯಲ್ಲಿ, ಒಂದು ಲಾಡ್ಜಿನ ಮಹಡಿಯ ಮೇಲೆ ಬುರ್ಹಾನುದ್ದೀನ್ ಸಾಹೇಬರ ರೆಕಾರ್ಡಿಂಗ್ ಕೋಣೆ ಇತ್ತು. ಹೊರಗಿನ ಸದ್ದು ಒಳಗೆ ಬಾರದಿರಲೆಂದು ಗೋಡೆಗೆಲ್ಲ ಹಳೆಯ ಕೌದಿ ಹೊಡೆಸಿದ್ದರು. ಉರುಸಿನ ಕಾಲಕ್ಕೆ ಕವ್ವಾಲಿ, ಶ್ರಾವಣದಲ್ಲಿ ಭಜನೆ, ಚುನಾವಣೆ ಬಂದರೆ ಆಟೋದ ಮೇಲೆ ಕೂಗಿಸುವ ಪ್ರಚಾರ, ಎಲ್ಲವೂ ಅಲ್ಲಿಯೇ ತಯಾರಾಗುತ್ತಿತ್ತು. ಎರಡು ಸಾವಿರದ ನಾಲ್ಕನೆಯ ಇಸವಿ ಅದು. ಕ್ಯಾಸೆಟ್ಟಿನ ಕಾಲ ಮುಗಿಯುತ್ತ ಬಂದಿತ್ತು. ಮನೆಯಲ್ಲಿದ್ದ ಹಳೆಯ ಕ್ಯಾಸೆಟ್ಟುಗಳನ್ನು ಜನ ಚೀಲದಲ್ಲಿ ಹಾಕಿಕೊಂಡು ಬಂದು ಸಿ.ಡಿ. ಮಾಡಿಸಿಕೊಂಡು ಹೋಗುತ್ತಿದ್ದರು. ಆ ಕೆಲಸ ನನ್ನದು.

ಕೆಲಸ ಹೇಗೆಂದು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕ್ಯಾಸೆಟ್ ಓಡಿಸಿದರೆ ಅದರಲ್ಲಿರುವುದು ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಗೆರೆಯಾಗಿ ಮೂಡುತ್ತದೆ. ದನಿ ಜೋರಿದ್ದಲ್ಲಿ ಗೆರೆ ದಪ್ಪ, ಸಣ್ಣಗಿದ್ದಲ್ಲಿ ದಾರದಷ್ಟು ತೆಳು. ಆಮೇಲೆ ಮಾಡುವುದಕ್ಕೆ ನಾರ್ಮಲೈಜ್ ಎನ್ನುತ್ತಾರೆ. ನಾವು ಗುರುತು ಮಾಡಿದ ತುಂಡಿನಲ್ಲಿ ಎಲ್ಲಕ್ಕಿಂತ ಜೋರಾದ ಸದ್ದು ಯಾವುದೋ ಅದನ್ನು ಸಾಫ್ಟ್‌ವೇರ್ ಹುಡುಕುತ್ತದೆ. ಅದನ್ನು ಎಷ್ಟು ಎತ್ತಬಹುದೋ ಅಷ್ಟು ಎತ್ತುತ್ತದೆ. ಉಳಿದದ್ದೆಲ್ಲ ಅದರ ಜೊತೆಗೆ ಅಷ್ಟೇ ಪಟ್ಟು ಮೇಲೇಳುತ್ತದೆ. ತುಂಡಿನಲ್ಲಿ ತಾಳದ ಒಂದು ಬಡಿತ ಇದ್ದರೂ ಸಾಕು, ಅದು ಆಗಲೇ ಮಿತಿ ಮುಟ್ಟಿರುತ್ತದೆ, ಬೇರೆ ಯಾವುದೂ ಏಳುವುದಿಲ್ಲ. ತಾಳವೇ ಇಲ್ಲದ ತುಂಡಾದರೆ ಪಿಸುಮಾತು ಕೂಗಾಗುತ್ತದೆ.

ಇದಕ್ಕೆ ಸಾಹೇಬರದು ಒಂದೇ ನಿಯಮ. "ಚಂದ್ರಶಾ, ಒಂದೊಂದು ತುಂಡಿಗೂ ಬ್ಯಾರೆ ಬ್ಯಾರೆ ಹೊಡಿ. ಇಡೀ ಕ್ಯಾಸೆಟ್ಟಿಗೆ ಒಂದೇ ಸಲ ಹೊಡದ್ರ ತಾಳದವ ಬಾದಶಾ ಆಗ್ತಾನ, ಹಾಡೋರೆಲ್ಲ ಫಕೀರ."

ಆ ವರ್ಷ ದಸರೆಯ ಮುಂಚೆ ಒಂದು ಮಧ್ಯಾಹ್ನ ಭೀಮಶಾ ಕಾಕಾ ಮಹಡಿ ಹತ್ತಿ ಬಂದರು. ಗಂಜ್ ಮಾರುಕಟ್ಟೆಯಲ್ಲಿ ತೊಗರಿಯ ಚೀಲ ಹೊರುವವರು, ನಮ್ಮ ಓಣಿಯವರೇ. ಹೆಗಲ ಮೇಲೆ ಧೂಳು ಹಾಗೇ ಇತ್ತು. ಟವೆಲ್ಲಿನಲ್ಲಿ ಸುತ್ತಿದ ಕ್ಯಾಸೆಟ್ಟನ್ನು ಮೇಜಿನ ಮೇಲೆ ಇಟ್ಟು, ಕುರ್ಚಿ ತೋರಿಸಿದರೂ ನೆಲದ ಮೇಲೆಯೇ ಕುಳಿತರು.

"ಇದರಾಗ ನಮ್ಮ ಅಮೃತ ಹಾಡ್ಯಾಳಂತ ತಮ್ಮಾ. ಭಜನಿ ದತ್ತಪ್ಪ ಕೊಟ್ಟು ಕಳಿಸ್ಯಾನ. ನಮ್ಮ ಮನೀದು ಟೇಪ್ ಕೆಟ್ಟದ, ಸಿ.ಡಿ. ಹಚ್ಚೋದು ಅದ. ಅಕೀ ಅವ್ವ ಊಟ ಬಿಟ್ಟಾಳ. ಒಂದೀಟು ಧನಿ ಕೇಳಿದ್ರ..."

ಅಮೃತ ಅವರ ಮಗಳು. ಶ್ರಾವಣದಲ್ಲಿ ತೀರಿಕೊಂಡಿದ್ದಳು. ಕಮಲಾಪುರಕ್ಕೆ ಕೊಟ್ಟಿದ್ದರು. ಗಂಡ ದೌಲಪ್ಪ ಟೆಂಪೋ ಓಡಿಸುತ್ತಾನೆ. ಮನೆಯಲ್ಲಿ ಅತ್ತೆ ದುಂಡಮ್ಮ, ಆಗಷ್ಟೇ ಮಾತು ಕಲಿಯುತ್ತಿದ್ದ ಹೆಣ್ಣು ಮಗು ನೀಲಾ. ಆ ವರ್ಷ ಪಂಚಮಿಗೆ ಅಮೃತ ತವರಿಗೆ ಬಂದು ಹುತ್ತಕ್ಕೆ ಹಾಲೆರೆದು ಹೋಗಿದ್ದಳು. ಮುಂದಿನ ಸೋಮವಾರ ಅವರ ಮನೆಯ ಸರದಿಯ ಭಜನೆ. ಶ್ರಾವಣ ಸೋಮವಾರ ಒಂದೊಂದು ಮನೆಯವರು ಭಜನೆಯವರನ್ನು ಕರೆಯುವುದು ಅಲ್ಲಿಯ ರೂಢಿ. ದೀಪ ಹಚ್ಚುವ ಹೊತ್ತಿಗೆ ಪಡಸಾಲೆಯಲ್ಲಿ ಎಲ್ಲರೂ ಕುಳಿತರು. ಅಮೃತಳೂ ಒಂದು ಪದ ಹಾಡಿ, ಚಹಾ ಮಾಡಲು ಎದ್ದು ಹೋದಳು. ಒಲೆಗೆ ಕುಳ್ಳು ಬೇಕಾಗಿತ್ತು. ಕುಳ್ಳು ಕಟ್ಟಿಗೆ ಒಟ್ಟುವ ತಗಡಿನ ಕೋಣೆ ಹಿತ್ತಲ ತುದಿಯಲ್ಲಿತ್ತು. ಅಲ್ಲಿ ಹಾವು ಕಚ್ಚಿತು. ಚಹಾ ಯಾಕೆ ಬರಲಿಲ್ಲವೆಂದು ಯಾರೋ ನಗೆಯಾಡಿ, ಆಮೇಲೆ ಹೋಗಿ ನೋಡಿದಾಗ ಬಿದ್ದಿದ್ದಳು. ಕಲಬುರಗಿಯ ದವಾಖಾನೆ ಮುಟ್ಟುವ ಮೊದಲೇ ಹೋಗಿಬಿಟ್ಟಳು. ಪೊಲೀಸರು ಬಂದು ಕೇಳಿ ಹೋದರು. ಹಾವಿನ ಕೆಲಸ, ಯಾರದೇನು ತಪ್ಪು ಎಂದು ಎಲ್ಲರೂ ಸುಮ್ಮನಾಗಿದ್ದರು.

ನಾನು ಕ್ಯಾಸೆಟ್ಟನ್ನು ಓಡಲು ಬಿಟ್ಟೆ. "ಯಾವ ಪದ ಬೇಕು ಕಾಕಾ? ಅಷ್ಟೇ ಕತ್ತರಿಸಿ ಕೊಡ್ತೀನಿ," ಎಂದೆ.

"ಕತ್ತರಿಸಬ್ಯಾಡ. ಅಕಿ ಆ ಮನ್ಯಾಗ ಇದ್ದಷ್ಟು ಹೊತ್ತಿಂದು ಎಲ್ಲಾ ಇರ್ಲಿ. ಕೆಮ್ಮಿದ್ದು, ಕುಂತಿದ್ದು, ಎಲ್ಲಾ."

ಹಾಗಾಗಿ ಪದಗಳ ನಡುವಿನ ಖಾಲಿ ಜಾಗವನ್ನೂ ತೆಗೆಯಲಿಲ್ಲ. ಸಾಮಾನ್ಯವಾಗಿ ಅದನ್ನು ಕತ್ತರಿಸಿ ಬಿಸಾಡುತ್ತೇವೆ. ಈ ಸಲ ಪದ ಒಂದು ತುಂಡು, ಪದ ಮುಗಿದ ಮೇಲಿನ ಮಾತುಕತೆ ಇನ್ನೊಂದು ತುಂಡು, ಮತ್ತೆ ಪದ, ಹೀಗೆ ಗುರುತು ಹಾಕಿ, ಸಾಹೇಬರ ನಿಯಮದಂತೆ ಒಂದೊಂದನ್ನೂ ನಾರ್ಮಲೈಜ್ ಮಾಡಿದೆ. ಆಮೇಲೆ ಸ್ಪೀಕರ್ ಹಚ್ಚಿದೆ.

ಮೊದಲು ಅಮೃತಳ ಪದ. ಅವಳ ಗಂಟಲು ಸಣ್ಣದು, ಆದರೆ ಅಳುಕಿಲ್ಲ. ಭೀಮಶಾ ಕಾಕಾ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಕೇಳಿದರು. ಪದ ಮುಗಿಯಿತು. ಬಳೆಯ ಸದ್ದು. "ಚಹಾ ಇಡ್ತೀನ್ರಿ ಅತ್ತಿ," ಎಂದು ಅವಳೇ ಹೇಳಿದ್ದು. "ಬೆಲ್ಲ ಜಾಸ್ತಿ ಹಾಕವ್ವ, ದತ್ತಪ್ಪಗ ಗಂಟಲ ಒಣಗ್ಯದ," ಎಂದು ಒಬ್ಬ ಗಂಡಸು. ನಗು. ಆಮೇಲೆ ದತ್ತಪ್ಪನ ಪದ, ಉದ್ದನೆಯದು, ತಾಳ ದಮ್ಮಡಿ ಎಲ್ಲ ಕೂಡಿ. ಅದೂ ಮುಗಿಯಿತು. ಯಾರೋ ಕೆಮ್ಮಿದರು. ದತ್ತಪ್ಪ ಮುಂದಿನ ಪದಕ್ಕೆ ಏಕತಾರಿಯ ತಂತಿ ಬಿಗಿಯುತ್ತಿದ್ದ.

"ಅತ್ತೀ."

ಸ್ಪೀಕರಿನಿಂದ ಅದು ನೇರ ಬಂತು, ನಮ್ಮ ಕೋಣೆಯ ಬಾಗಿಲಲ್ಲಿ ನಿಂತು ಕರೆದ ಹಾಗೆ.

"ಅತ್ತೀ. ಬರ್ರಿ ಇಲ್ಲಿ."

ಸ್ವಲ್ಪ ಹೊತ್ತು ತಂತಿಯ ಸದ್ದು ಮಾತ್ರ. ಮತ್ತೆ ತಾಳ ಬಿತ್ತು, ಮುಂದಿನ ಪದ ಶುರುವಾಯಿತು. ಅದರೊಳಗೆ ಬೇರೆ ಏನೂ ಕೇಳುವುದಿಲ್ಲ.

ಕಾಕಾ ಎದ್ದು ನಿಂತಿದ್ದರು. "ಇನ್ನೊಮ್ಮಿ ಹಚ್ಚು."

ಹಚ್ಚಿದೆ.

"ಇಷ್ಟು ಜೋರ ಕರದಾಳ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ತೂಕ ಹೇಳುವ ಹಾಗೆ ಹೇಳಿದರು. "ಮನಿ ತುಂಬ ಮಂದಿ ಕುಂತಾರ. ಹಾಡೂ ನಿಂತದ. ಇಷ್ಟು ಜೋರ ಕರದಾಳ, ಒಬ್ಬರೂ ಎದ್ದಿಲ್ಲ."

"ಕಾಕಾ, ಅದು ಜೋರ ಇದ್ದಿದ್ದಿಲ್ಲ. ನಾನು ಎತ್ತೀನಿ. ಮಷೀನ್ ಎತ್ತ್ಯದ." ನಾನು ಗಡಬಡಿಸಿ ಕ್ಯಾಸೆಟ್ಟಿನಿಂದ ಬಂದ ಮೂಲ ತುಂಡನ್ನು ಹಚ್ಚಿದೆ. ಬರೀ ಸುಸ್ ಎನ್ನುವ ಸದ್ದು, ಅದರ ಅಡಿಯಲ್ಲಿ ಎಲ್ಲೋ ಒಂದು ಎಳೆ. ಮೊದಲು ಗೊತ್ತಿಲ್ಲದವರಿಗೆ ಅದು ಮನುಷ್ಯರ ದನಿ ಎಂದೇ ಅನಿಸುವುದಿಲ್ಲ. "ನೋಡ್ರಿ, ಇಷ್ಟೇ ಇತ್ತು."

ಅವರು ಸ್ಪೀಕರಿಗೆ ಕಿವಿ ಹಚ್ಚಿದರು. "ಇದರಾಗೂ ಕರೀಲಾಕತ್ತಾಳ," ಎಂದರು.

ಈಗ ನನಗೂ ಅದರಲ್ಲಿ ಕೇಳುತ್ತಿತ್ತು. ಒಮ್ಮೆ ಕೇಳಿದ ಮೇಲೆ ಕಿವಿ ತಾನಾಗಿಯೇ ಅದನ್ನು ಹುಡುಕಿ ಎತ್ತಿಕೊಳ್ಳುತ್ತದೆ.

"ಕೇಳಿ ಸುಮ್ನ ಕುಂತಿದ್ರ, ನನ್ನ ಮೊಮ್ಮಗಳು ಆ ಮನ್ಯಾಗ ಇರಬಾರದು ತಮ್ಮಾ," ಎಂದರು ಕಾಕಾ. "ಕೇಳಿಲ್ಲಂದ್ರ ಇರ್ಲಿ, ಅದು ದೇವ್ರ ಇಚ್ಛಾ. ಇಷ್ಟು ತಿಳೀಬೇಕು ನನಗ. ಸಿ.ಡಿ. ಕೊಡು."

ಕೊಡದೆ ಇರಲು ಅದು ನನ್ನದಲ್ಲ. ಆದರೆ ಅಷ್ಟನ್ನೇ ಕೊಟ್ಟು ಕಳಿಸಲು ಮನಸ್ಸಾಗಲಿಲ್ಲ. ಎತ್ತದೆ ಇದ್ದದ್ದನ್ನೂ ಇನ್ನೊಂದು ಸಿ.ಡಿ.ಗೆ ಹಾಕಿದೆ. ಕಮಲಾಪುರಕ್ಕೆ ಹೋಗುವಾಗ ನನ್ನನ್ನೂ ಕರೆಯಿರಿ ಎಂದೆ. ಸಾಹೇಬರಿಗೆ ಹೇಳಿದಾಗ ಅವರು ಬಹಳ ಹೊತ್ತು ಪರದೆಯ ಮೇಲಿನ ಗೆರೆ ನೋಡುತ್ತ ಕುಳಿತರು.

"ಹೋಗು. ಯಾರ ಕಡೀನೂ ಆಗಬ್ಯಾಡ. ಮಷೀನ್ ಏನ್ ಮಾಡ್ತದ ಅಷ್ಟೇ ಹೇಳು," ಎಂದರು. ಆಮೇಲೆ, "ಯಾ ಅಲ್ಲಾ, ಇಂಥಾ ಧನಿ ನನ್ನ ಕೋಣ್ಯಾಗ ಯಾಕ ಬಂತೋ," ಎಂದರು.

ರವಿವಾರ ಬೆಳಿಗ್ಗೆ ಹುಮನಾಬಾದ್ ಬಸ್ ಹಿಡಿದು ನಾವು ಮೂವರು ಹೋದೆವು. ಭೀಮಶಾ ಕಾಕಾ, ಅವರ ಹೆಂಡತಿ ಮಲ್ಕಮ್ಮ, ನಾನು. ಮಲ್ಕಮ್ಮ ಕಾಕು ಆ ಸಿ.ಡಿ.ಯನ್ನು ಮನೆಯಲ್ಲಿ ಎಷ್ಟು ಸಲ ಕೇಳಿದ್ದರೋ. ಬಸ್ಸಿನಲ್ಲಿ ಒಂದೇ ಮಾತು ಆಡಿದರು.

"ಅಕಿ ಹಲ್ಲಿ ಕಂಡ್ರೂ ಕರೀತಿದ್ಳು ಚಂದ್ರಶಾ. ಜರಿ ಹುಳ ಕಂಡ್ರೂ ಕರೀತಿದ್ಳು. ಪಂಚಮಿಗೆ ಬಂದಾಗ ಹೇಳಿದ್ಳು, ಮಾತೆತ್ತಿದ್ರ ಅತ್ತೀ ಅತ್ತೀ ಅಂತೀನಿ ಅಂತ ಅತ್ತಿ ನಗ್ತಾಳವ್ವ ಅಂತ."

ಆ ನಗು ಪ್ರೀತಿಯದೋ ಹಂಗಿಸುವುದೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಕಮಲಾಪುರದಲ್ಲಿ ಇಳಿದಾಗ ರಸ್ತೆಯ ಬದಿಗೆ ಕೆಂಪು ಬಾಳೆಯ ಬುಟ್ಟಿಗಳ ಸಾಲು. ಮಲ್ಕಮ್ಮ ಕಾಕು ಮೊಮ್ಮಗಳಿಗೆಂದು ಎರಡು ಹಣ್ಣು ತೆಗೆದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡರು.

ಕಾಕಾ ಮೊದಲೇ ಸುದ್ದಿ ಕಳಿಸಿದ್ದರಿಂದ ಮನೆಯಲ್ಲಿ ಆಗಲೇ ಜನ ಸೇರಿದ್ದರು. ಓಣಿಯ ಹಿರಿಯ ಮಲ್ಲಣ್ಣ ಗೌಡರು ಗೋಡೆಗೆ ಒರಗಿ ಕುಳಿತಿದ್ದರು. ಅವರ ಪಕ್ಕ ಭಜನೆಯ ದತ್ತಪ್ಪ, ಆವತ್ತು ಹಾಡಿದ ನಾಲ್ಕಾರು ಮಂದಿ. ದೌಲಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಆವತ್ತು ಅವನು ಟೆಂಪೋ ತೆಗೆದುಕೊಂಡು ಬೀದರಿಗೆ ಹೋಗಿದ್ದನಂತೆ. ದುಂಡಮ್ಮ ಒಳಬಾಗಿಲ ಹತ್ತಿರ ನೆಲದ ಮೇಲೆ ಕುಳಿತಿದ್ದರು. ತೊಡೆಯ ಮೇಲೆ ನೀಲಾ. ಮಗು ಅಜ್ಜಿಯ ಕೊರಳಿನ ಲಿಂಗದ ದಾರ ಹಿಡಿದುಕೊಂಡು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿತು. ಮಲ್ಕಮ್ಮ ಕಾಕು ಹಣ್ಣು ಚಾಚಿದರೆ ಬರಲಿಲ್ಲ.

ಭೀಮಶಾ ಕಾಕಾ ಸಿ.ಡಿ. ಹಚ್ಚಿಸಿದರು. ಟಿ.ವಿ.ಯ ಕೆಳಗಿನ ಪೆಟ್ಟಿಗೆಯಿಂದ ಅಮೃತಳ ದನಿ ಅವಳ ಮನೆಯಲ್ಲೇ ಕೇಳಿತು. "ಅತ್ತೀ. ಬರ್ರಿ ಇಲ್ಲಿ." ಹೆಂಗಸರಲ್ಲಿ ಯಾರೋ ಬಿಕ್ಕಿದರು. ದೌಲಪ್ಪ ಬಾಗಿಲ ಹೊರಗೆ ಹೋಗಿ ಬೆನ್ನು ತಿರುಗಿಸಿ ನಿಂತ.

"ನಾ ಕೇಳಿಲ್ಲ," ಎಂದರು ದುಂಡಮ್ಮ. ಯಾರೂ ಇನ್ನೂ ಅವರನ್ನು ಪ್ರಶ್ನೆ ಕೇಳಿರಲಿಲ್ಲ. "ನಮ್ಮಪ್ಪನ ಮ್ಯಾಲ ಆಣಿ. ನಾ ಕೇಳಿಲ್ಲ."

"ಇಷ್ಟು ಜೋರ ಅದ," ಎಂದರು ಭೀಮಶಾ ಕಾಕಾ.

ಆಗ ನಾನು ಎದ್ದು ನಿಂತೆ. ನಾರ್ಮಲೈಜ್ ಎಂದರೇನು ಎಂದು ನನಗೆ ತಿಳಿದಷ್ಟು ಸರಳವಾಗಿ ಹೇಳಿದೆ. ಆ ಜೋರು ಅಮೃತಳದಲ್ಲ, ಕಂಪ್ಯೂಟರಿನದು ಎಂದೆ. ಎತ್ತದ ಸಿ.ಡಿ. ಹಚ್ಚಿ ತೋರಿಸಿದೆ.

"ಹಂಗಾದ್ರ ಮುಗೀತಲ್ಲ," ಎಂದ ದತ್ತಪ್ಪ, ಉಸಿರು ಬಿಟ್ಟು. "ಅದು ಇಷ್ಟಽ ಇತ್ತು. ನಮಗ ಹೆಂಗ ಕೇಳ್ತದ?"

"ನಿನ್ನ ಮಷೀನಿಗೆ ಕೇಳಿತಲ್ಲಪಾ," ಎಂದರು ಭೀಮಶಾ ಕಾಕಾ. "ಕಬ್ಬಿಣಕ್ಕ ಕೇಳಿದ್ದು ಮನಶಾರಿಗೆ ಕೇಳಲಿಲ್ಲೇನು?"

ಮಲ್ಲಣ್ಣ ಗೌಡರು ಕೈ ಎತ್ತಿದರು. "ಟೇಪ್ ಎಲ್ಲಿ ಇಟ್ಟಿದ್ರಿ ದತ್ತಪ್ಪ?"

ದತ್ತಪ್ಪ ತೋರಿಸಿದ. ಪಡಸಾಲೆಯ ಹಿಂದಿನ ಕಿಟಕಿಯ ಗೂಡು. ಆ ಕಿಟಕಿ ಹಿತ್ತಲಿಗೆ ತೆರೆದುಕೊಳ್ಳುತ್ತದೆ. "ತಾಳದ ಬಾಜೂ ಇಟ್ರ ಧನಿ ಹರೀತದ್ರಿ. ಅದಕ್ಕ ನಾವು ಯಾವಾಗ್ಲೂ ದೂರ ಇಡ್ತೀವಿ, ಮಂದಿ ಇಲ್ಲದ ಕಡಿ. ಎಲ್ಲಾ ಮನ್ಯಾಗೂ ಹಂಗಽ."

ಎಲ್ಲರೂ ಆ ಗೂಡನ್ನು ನೋಡಿದೆವು. ಮನೆ ತುಂಬ ಜನ ಮುಂದೆ ಕುಳಿತಿದ್ದರು. ಅಮೃತ ಕರೆದ ಕಡೆಗೆ ಮುಖ ಮಾಡಿದ್ದು ಆ ಟೇಪ್ ಒಂದೇ.

ಅಲ್ಲಿಗೇ ಬಿಟ್ಟಿದ್ದರೆ ದುಂಡಮ್ಮನವರ ಕಡೆಗೆ ತೂಕ ಬೀಳುತ್ತಿತ್ತು. ಆದರೆ ಗೌಡರು ನನ್ನನ್ನೇ ಕೇಳಿದರು. "ಹಂಗಾದ್ರ ಆ ಎತ್ತದೇ ಇರೋ ಸಿ.ಡಿ. ಖರೇದು, ಹೌದಲ್ಲ? ಆವತ್ತು ಧನಿ ಅಷ್ಟೇ ಇತ್ತು?"

ಹೌದು ಎಂದುಬಿಡಬಹುದಿತ್ತು. ಆದರೆ ಅದೂ ಪೂರ್ತಿ ನಿಜವಲ್ಲ. ಅಂಥ ಟೇಪುಗಳಲ್ಲಿ ರೆಕಾರ್ಡ್ ಮಾಡುವಾಗ ದನಿ ಹೆಚ್ಚು ಕಡಿಮೆ ಮಾಡುವ ಗುಂಡಿ ಇರುವುದಿಲ್ಲ. ಅದು ತಾನೇ ನೋಡಿಕೊಳ್ಳುತ್ತದೆ. ತಾಳ ಬಡಿದಾಗ ತನ್ನ ಕಿವಿ ಕಿರಿದು ಮಾಡಿಕೊಳ್ಳುತ್ತದೆ, ಸದ್ದು ನಿಂತ ಮೇಲೆ ನಿಧಾನವಾಗಿ ಅಗಲ ಮಾಡಿಕೊಳ್ಳುತ್ತದೆ. ಅವಳು ಕರೆದ ಹೊತ್ತಿಗೆ ಅದರ ಕಿವಿ ಎಷ್ಟು ತೆರೆದಿತ್ತೋ ಹೇಳಲಾಗದು. ಇನ್ನೂ ಕಿರಿದಾಗಿಯೇ ಇದ್ದಿದ್ದರೆ ಅವಳು ಕ್ಯಾಸೆಟ್ಟಿನಲ್ಲಿ ಇದ್ದದ್ದಕ್ಕಿಂತ ಜೋರಾಗಿ ಕರೆದಿರಬೇಕು. ಪೂರ್ತಿ ತೆರೆದಿದ್ದರೆ ಅದಕ್ಕಿಂತ ಮೆಲ್ಲಗೆ. ಇದನ್ನೇ ಹೇಳಿದೆ.

"ಅಂದ್ರ ನಿನಗೇನೂ ಗೊತ್ತಿಲ್ಲ ಅನ್ನು," ಎಂದ ಭಜನೆಯವರಲ್ಲಿ ಒಬ್ಬ. "ಬಸ್ಸಿನ ಚಾರ್ಜ್ ಯಾಕ ದಂಡ ಮಾಡಿಕೊಂಡಿ?"

ಕೆಲವರು ನಕ್ಕರು. ನಗುವ ಜಾಗವಲ್ಲವೆಂದು ನೆನಪಾಗಿ ನಿಲ್ಲಿಸಿದರು.

"ಕರೆದು ನೋಡೋಣು," ಎಂದರು ಗೌಡರು. "ಆವತ್ತು ಕುಂತಂಗ ಕುಂದರ್ರಿ. ಒಂದು ಪದ ಹಾಡ್ರಿ. ಪದ ನಿಂತ ಮ್ಯಾಲ ಯಾರರೆ ಕುಳ್ಳಿನ ಕೋಣ್ಯಾಗಿಂದ ಕರೀರಿ. ಕೇಳ್ತದೋ ಇಲ್ಲೋ ನೋಡೋಣು."

ನನಗೆ ಅದು ಸರಿಯೆನಿಸಲಿಲ್ಲ. ಆವತ್ತು ಸಂಜೆ, ಈಗ ಹಗಲು. ಹೊರಗೆ ಟೆಂಪೋ ಲಾರಿಗಳ ಸದ್ದು. ಆವತ್ತು ಯಾರೂ ಕರೆಯುತ್ತಾರೆಂದು ಕಾದು ಕುಳಿತಿರಲಿಲ್ಲ, ಈಗ ಎಲ್ಲರ ಕಿವಿಯೂ ಹಿತ್ತಲಲ್ಲೇ ಇರುತ್ತದೆ. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನೆರೆಮನೆಯ ಹೆಂಗಸೊಬ್ಬಳನ್ನು ಗೌಡರು ಹೋಗೆಂದರು. ಅವಳು ಏಳುವ ಮೊದಲೇ ಮಲ್ಕಮ್ಮ ಕಾಕು ಎದ್ದಿದ್ದರು.

"ನಾ ಕರೀತೀನಿ," ಎಂದರು. "ಅಕೀದು ನನ್ನಽ ಗಂಟಲ."

ಯಾರೂ ತಡೆಯಲಿಲ್ಲ. ಅವರು ಒಳಮನೆ ದಾಟಿ ಹಿತ್ತಲಿಗೆ ಹೋದರು. ದತ್ತಪ್ಪ ಏಕತಾರಿ ತೆಗೆದುಕೊಂಡ. ಆವತ್ತಿನ ಪದವನ್ನೇ ಹಾಡಿದರು, ತಾಳ ಹಾಕಿಕೊಂಡು, ಯಾರ ಮುಖವನ್ನೂ ಯಾರೂ ನೋಡದೆ. ಅಂಥ ಭಜನೆಯನ್ನು ನಾನು ಎಂದೂ ಕೇಳಿಲ್ಲ. ಪದ ಮುಗಿಯಿತು. ತಾಳ ನಿಂತಿತು. ದತ್ತಪ್ಪ ತಂತಿ ಬಿಗಿಯುವವನಂತೆ ಬಗ್ಗಿದ.

ನನಗೆ ಕೇಳಿತು. ಕೇಳಿತೆಂದೇ ಅಂದುಕೊಂಡೆ. ಆದರೆ ಎಷ್ಟು ದಿನದಿಂದ ಆ ದನಿ ನನ್ನ ಕಿವಿಯಲ್ಲೇ ಇತ್ತು. ಭೀಮಶಾ ಕಾಕಾ ಕಣ್ಣು ಮುಚ್ಚಿ ಕೇಳಿತೆಂದು ತಲೆಯಾಡಿಸಿದರು. ಗೌಡರು ಇಲ್ಲವೆಂಬಂತೆ ಹುಬ್ಬು ಮೇಲೆತ್ತಿದರು. ಭಜನೆಯವರಲ್ಲಿ ಇಬ್ಬರು ಕೇಳಿತೆಂದರು, ಮಿಕ್ಕವರು ಇಲ್ಲವೆಂದರು.

ಅಷ್ಟರಲ್ಲಿ ನೀಲಾ ಎದ್ದಳು.

ಅಜ್ಜಿಯ ತೊಡೆಯಿಂದ ಇಳಿದು, ಒಳಬಾಗಿಲ ಹೊಸ್ತಿಲನ್ನು ಕೈಯೂರಿ ದಾಟಿ, ಹಿತ್ತಲ ಕಡೆಗೆ ನಡೆಯತೊಡಗಿದಳು. "ಅವ್ವ," ಎಂದಳು. ಗೋಡೆ ಹಿಡಿದುಕೊಂಡು ಇನ್ನೊಮ್ಮೆ, "ಅವ್ವ."

ದುಂಡಮ್ಮನವರ ಕೈ ಅವಳ ಹಿಂದೆ ಚಾಚಿತು. ಲಂಗದ ಅಂಚು ಹಿಡಿಯುವಷ್ಟು ಹತ್ತಿರ ಹೋಗಿ ನಿಂತಿತು. ಮಗು ಹೋಯಿತು. ಕೈ ಹಾಗೇ ಗಾಳಿಯಲ್ಲಿತ್ತು. ದುಂಡಮ್ಮ ತಮ್ಮದೇ ಕೈಯನ್ನು ನೋಡುತ್ತ ಕುಳಿತರು.

"ಆವತ್ತೂ ಇದು ಹಿಂಗಽ ಎದ್ದು ಹೊಂಟಿತ್ತು," ಎಂದರು.

ಗೌಡರು ಅವರ ಕಡೆ ತಿರುಗಿದರು.

"ತುಟಿಯೊಳಗಽ ಅವ್ವ ಅವ್ವ ಅಂತ ಹೊಂಟಿತ್ತು. ಚಹಾದ ಒಲಿ ಬಾಜೂ ಹೋಗಿ ಕೈ ಸುಟ್ಟುಕೊಂಡೀತಂತ ನಾ ಲಂಗ ಹಿಡಿದು ಕುಂದ್ರಸಿದೆ. ಅಳಲಾಕ ಬಾಯಿ ತೆಗೀತು, ಅಷ್ಟರಾಗ ಮುಂದಿನ ಪದಾ ಹತ್ತಿತು. ತಾಳದಾಗ ಇದರ ಅಳೂನೂ ಕೇಳಲಿಲ್ಲ."

"ಅವ್ವಾ, ಸುಮ್ನಿರು," ಎಂದ ದೌಲಪ್ಪ ಬಾಗಿಲಿಂದ.

"ಯಾಕ ಸುಮ್ನಿರಲಿ? ನನಗ ಕೇಳಿಲ್ಲ, ಖರೇ. ಕೂಸಿಗೆ ಕೇಳಿತ್ತು. ನಾ ಹಿಡಕೊಂಡು ಕುಂತೆ."

ಹಿತ್ತಲಿಂದ ಮಲ್ಕಮ್ಮ ಕಾಕು ಮಗುವನ್ನು ಎತ್ತಿಕೊಂಡು ಬಂದರು. ಕರೆದವಳು ತಾಯಿಯಲ್ಲವೆಂದು ತಿಳಿದು ಮಗು ಮೈ ಸೆಟೆಸಿ ಅಳುತ್ತಿತ್ತು. ದುಂಡಮ್ಮನವರನ್ನು ಕಂಡದ್ದೇ ಎರಡೂ ಕೈ ಚಾಚಿ "ಆಯಿ" ಎಂದು ಅಜ್ಜಿಯನ್ನೇ ಕರೆಯಿತು. ದುಂಡಮ್ಮ ಎದ್ದು ಹೋಗಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದರು.

ಭೀಮಶಾ ಕಾಕಾ ಅವರ ಎದುರಿಗೆ ಹೋಗಿ ಕುಳಿತರು. "ಬೀಗತಿ, ಒಂದಽ ಮಾತು ಹೇಳ್ರಿ. ಕೂಸು ಎದ್ದಾಗ ನಿಮಗ ಕೇಳಿತ್ತೋ ಇಲ್ಲೋ? ಹಲ್ಲಿನೋ ಜರಿನೋ ನೋಡಿ ಕರೀಲಾಕತ್ತಾಳಂತ ಅನಿಸಿತ್ತೇನು? ಹಂಗ ಅನಿಸಿದ್ರೂ ನಾ ತಪ್ಪು ತಿಳಿಯಂಗಿಲ್ಲ."

ಅವರು ತಪ್ಪು ತಿಳಿಯುತ್ತಿದ್ದರೋ ಇಲ್ಲವೋ. ಆದರೆ ಆ ಕ್ಷಣಕ್ಕೆ ಅವರು ಅದನ್ನು ಮನಸ್ಸಿನಿಂದಲೇ ಹೇಳಿದರೆಂದು ನನ್ನ ನಂಬಿಕೆ.

ದುಂಡಮ್ಮ ಸೆರಗನ್ನು ಬಾಯಿಂದ ತೆಗೆದರು. "ಈಗ ನನಗ ದಿನಾ ಕೇಳ್ತದ," ಎಂದರು. "ಈಗ ಕೇಳೋದೋ ಆವತ್ತು ಕೇಳಿದ್ದೋ, ಬ್ಯಾರೆ ಮಾಡಿ ಹೇಳಲಾಕ ನನಗ ಆಗಂಗಿಲ್ಲ." ಆಮೇಲೆ, ಗೋಡೆಯಿಂದ ಮುಖ ತಿರುಗಿಸದೆಯೇ, "ಕೂಸಿನ್ನ ಕರಕೊಂಡು ಹೋಗ್ರಿ," ಎಂದರು.

ಮಲ್ಲಣ್ಣ ಗೌಡರು ಏನೋ ಹೇಳಹೋದರು. ಇನ್ನೂ ತೀರ್ಮಾನ ಆಗಿಲ್ಲ, ಅವಸರ ಬೇಡ ಎಂದೇನೋ. ದೌಲಪ್ಪ ಒಳಗೆ ಬಂದು ಮಗಳ ಬಟ್ಟೆಗಳನ್ನು ಒಂದು ಚೀಲಕ್ಕೆ ತುಂಬತೊಡಗಿದ. ಆಮೇಲೆ ಹೇಳುವುದೇನೂ ಉಳಿಯಲಿಲ್ಲ. ಬೇಡವೆನ್ನುವವರಂತೆ ಭೀಮಶಾ ಕಾಕಾ ಆ ಚೀಲವನ್ನು ನೋಡಿದರು, ಆದರೆ ತೆಗೆದುಕೊಂಡರು.

ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೊರಟೆವು. ಕಲಬುರಗಿಯವರೆಗೂ ಮಗು ಆಯಿ ಆಯಿ ಎಂದು ಅಳುತ್ತಲೇ ಇತ್ತು. ಬಸ್ಸಿನ ಸದ್ದಿನಲ್ಲಿ ಹಿಂದಿನ ಸೀಟಿನವರಿಗೆ ಕೇಳುತ್ತಿತ್ತೋ ಇಲ್ಲವೋ. ಮಲ್ಕಮ್ಮ ಕಾಕು ಸೆರಗಿನ ಗಂಟು ಬಿಚ್ಚಿ ಹಣ್ಣು ಕೊಟ್ಟರು. ಅದು ಹಿಸುಕಿ ಹೋಗಿತ್ತು.

ದುಂಡಮ್ಮ ಈಗ ಇಲ್ಲ. ಎರಡು ವರ್ಷದ ಮೇಲೆ ತೀರಿಕೊಂಡರೆಂದು ದತ್ತಪ್ಪ ಸ್ಟುಡಿಯೋಗೆ ಬಂದಾಗ ಹೇಳಿದ. ಕೊನೆಕೊನೆಗೆ ಅವರು ಮನೆಯಲ್ಲಿ ಭಜನೆ ಬೇಡವೆಂದರಂತೆ. ಯಾರಾದರೂ ಕರೆದರೆ, ಬೇರೆ ಮನೆಯಲ್ಲಿ ಬೇರೆ ಯಾರನ್ನೋ ಕರೆದರೂ, ಎದ್ದು ಹಿತ್ತಲಿಗೆ ಹೋಗಿ ನೋಡಿ ಬರುತ್ತಿದ್ದರಂತೆ. ನೀಲಾ ತಾಜಸುಲ್ತಾನಪುರದ ಶಾಲೆಗೆ ಹೋಗುತ್ತಾಳೆ. ಅವಳಿಗೆ ಇದೆಲ್ಲ ಯಾರೂ ಹೇಳಿಲ್ಲ, ಹೇಳಲೂ ಬಾರದು.

ನಾನು ಈಗಲೂ ಅದೇ ಕೆಲಸ ಮಾಡುತ್ತೇನೆ. ಪದಗಳ ನಡುವಿನ ಖಾಲಿ ಜಾಗವನ್ನು ಮಾತ್ರ ಎತ್ತುವುದಿಲ್ಲ. ಸಾಹೇಬರೂ ಯಾಕೆಂದು ಕೇಳುವುದಿಲ್ಲ.

ಆ ತುಂಡು ನನ್ನ ಬಳಿ ಇದೆ. ಅಮೃತ ಎರಡನೆಯ ಸಲ ಕರೆದ ಮೇಲೆ, ತಾಳ ಬೀಳುವುದಕ್ಕೆ ಮುಂಚೆ, ಒಂದು ಸಣ್ಣ ಸದ್ದಿದೆ. ಯಾರೋ ಏಳಲು ಹೋಗಿ ಕುಳಿತ ಸದ್ದೋ, ಮಗುವಿನ ಕಾಲ್ಗೆಜ್ಜೆಯೋ, ಪಟ್ಟಿ ಸುತ್ತುವಾಗಿನ ಟೇಪಿನದೇ ಸದ್ದೋ. ಎಷ್ಟು ಎತ್ತಿದರೂ ಅದು ದೊಡ್ಡದಾಗುತ್ತದೆಯೇ ಹೊರತು ಸ್ಪಷ್ಟವಾಗುವುದಿಲ್ಲ. ಯಾರಾದರೂ ಆಗ ಎದ್ದಿದ್ದರೆ ಅವಳು ಬದುಕುತ್ತಿದ್ದಳೋ, ಅದೂ ಗೊತ್ತಿಲ್ಲ. ವಿಷ ಬಹಳ ಏರಿತ್ತೆಂದು ಡಾಕ್ಟರು ಹೇಳಿದ್ದರಂತೆ. ದುಂಡಮ್ಮನವರಿಗೆ ಆವತ್ತು ಕೇಳಿಸಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.